ಮಾವನಿಗೆ ದಾರಿ ಗೊತ್ತಿರುವ ಊರು

ಮಾವನಿಗೆ ದಾರಿ ಗೊತ್ತಿರುವ ಊರಾದರೆ ಮಾತ್ರ ತಾನು ಬರುವುದು, ಇಲ್ಲವಾದರೆ ಪಾರ್ಕೂ ಬೇಡ ಗೀರ್ಕೂ ಬೇಡ ಎಂದು ಅತ್ತೆ ಹೇಳಿದಾಗ ಯುನ್‌ಸಿಲ್ ಮೂಲಂಗಿ ಹೆಚ್ಚುತ್ತಿದ್ದ ಚಾಕುವನ್ನು ಹಲಗೆಯ ಮೇಲೆ ಇಟ್ಟುಬಿಟ್ಟಳು. ಮಾವ ತೀರಿಕೊಂಡು ಮೂರು ವರ್ಷವಾಗಿತ್ತು.

"ಅತ್ತೆ, ಸೋಲ್ ಪಟ್ಟಣದ ಕಡೆ ಆಟದ ಪಾರ್ಕಿಗೆ ಹೋಗೋದು ಈಗ ಏನೂ ಕಷ್ಟ ಇಲ್ಲ. ರೈಲಿದೆ, ಬಸ್ಸಿದೆ."

"ನಮಗೈತೆ. ಅವರಿಗೆ? ಬದುಕಿದ್ದಾಗ್ಲೇ ಸೋಲ್‌ನಾಗೆ ದಾರಿ ತಪ್ಪಿಸ್ಕಂಡು, ತಂಗಿ ಮಗನ ಮದ್ವೆಗೆ ಊಟ ಎಲ್ಲ ಮುಗುದ್ಮೇಲೆ ಬಂದ್ರು. ಮರ್ತೋಯ್ತಾ ನಿಂಗೆ? ಈಗ ಕಣ್ಣೂ ಇಲ್ಲ, ಕಾಲೂ ಇಲ್ಲ. ಹಬ್ಬದ ಎಡೆ ಉಣ್ಣಾಕೆ ಹೆಂಗೆ ಹುಡುಕ್ಕಂಡು ಬತ್ತಾರೆ ಅಂತೀನಿ."

ಸೋಫಾದ ಮೇಲೆ ಉಗುರು ಕತ್ತರಿಸಿಕೊಳ್ಳುತ್ತಿದ್ದ ಗಂಡ ಸಂಗ್‌ಬೇ ತಲೆ ಎತ್ತಲಿಲ್ಲ. ಅವನು ದೇಗು ಊರಿನ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ತನ್ನ ಕಡೆಯ ಬ್ರೇಕ್ ಒತ್ತೀ ಒತ್ತೀ, ಮನೆಯಲ್ಲಿ ಹೆಂಡತಿಗೂ ತಾಯಿಗೂ ಮಾತು ಬೆಳೆಯುವ ಸೂಚನೆ ಕಂಡರೂ ಅವನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಈಗಲೂ ಒತ್ತಿತು. ಮನೆಯ ನೆಲಕ್ಕೆ ಬ್ರೇಕಿಲ್ಲವಾದ್ದರಿಂದ ಮಾತು ಮುಂದುವರಿಯಿತು.

"ನಮ್ಮ ಕ್ಲಾಸಲ್ಲಿ ದೊಡ್ಡ ಪಾರ್ಕ್ ನೋಡದೇ ಇರೋರು ಇಬ್ರೇ. ನಾನು, ಮತ್ತೆ ಹೊಸದಾಗಿ ಬಂದಿರೋ ಹುಡುಗ. ಈ ರಜಕ್ಕೆ ಅವನೂ ಹೋಗ್ತಿದಾನೆ" ಎಂದಳು ಮಗಳು ದಾಯುಲ್. ಹನ್ನೊಂದು ವರ್ಷದವಳು. ಫೋನಿನಿಂದ ಕಣ್ಣು ತೆಗೆಯದೆ ಜಗಳ ಆಡುವ ವಿದ್ಯೆ ಅವಳಿಗೆ ಚೆನ್ನಾಗಿ ಸಿದ್ಧಿಸಿತ್ತು. "ಅಜ್ಜ ಸತ್ತೋಗಿದಾರೆ. ಬದುಕಿರೋದು ನಾನು. ಪಾರ್ಕಿಗೆ ಹೋಗೋದೂ ನಾನೇ."

"ದಾಯುಲ್!" ಎಂದು ಯುನ್‌ಸಿಲ್ ಗದರಿದಳು. ಒಳಗೊಳಗೇ ಮಾತು ಸರಿಯಾಗಿಯೇ ಇದೆ ಅನ್ನಿಸಿದ್ದರಿಂದ ಗದರಿದ್ದು ಸ್ವಲ್ಪ ಜೋರಾಯಿತು.

ಅತ್ತೆಗೆ ಸಿಟ್ಟು ಬರಲಿಲ್ಲ. "ಅದ್ಕೇ ಕಣವ್ವ ಹೇಳ್ತಿರಾದು. ನೀನು ಬದುಕಿದೀಯ, ಬಾಯೈತೆ, ಹಸಿವಾದ್ರೆ ಕೇಳಿ ತಿಂತೀಯ. ಅವರು ಯಾರ್ನ ಕೇಳ್ಬೇಕು?" ಎಂದರು.

ಇಷ್ಟಕ್ಕೂ ಈ ಪಾರ್ಕಿನ ಪ್ರಸ್ತಾಪ ಎದ್ದದ್ದು ಮಗಳಿಗಾಗಿ ಅಲ್ಲ. ಮಗಳ ಹೆಸರು ಹೇಳಿದರೆ ಮನೆಯಲ್ಲಿ ಯಾರೂ ಇಲ್ಲ ಅನ್ನಲಾರರು ಎಂದು ಯುನ್‌ಸಿಲ್ ಹೂಡಿದ ಉಪಾಯ ಅದು. ಮದುವೆಯಾಗಿ ಬಂದ ವರ್ಷದಿಂದ ಹುಣ್ಣಿಮೆಯ ಚುಸೊಕ್ ಹಬ್ಬವೆಂದರೆ ಅವಳಿಗೆ ಒಲೆಯೇ. ಸಂಗ್‌ಬೇ ಮನೆಗೆ ಹಿರಿಯ ಮಗ. ಹಿರಿಯ ಮಗನ ಮನೆಯಲ್ಲೇ ಹಿರಿಯರಿಗೆ ಎಡೆ. ಹಬ್ಬಕ್ಕೆ ಎರಡು ದಿನ ಮುಂಚಿನಿಂದ ಮೀನಿನ ತುಂಡುಗಳನ್ನು ಮೊಟ್ಟೆಯಲ್ಲಿ ಅದ್ದಿ ಹುರಿಯಬೇಕು, ಕೆಸುವಿನ ಗೆಡ್ಡೆಯ ಸಾರು ಕುದಿಸಬೇಕು, ಅಕ್ಕಿಹಿಟ್ಟಿನ ಕಡುಬನ್ನು ಪೈನ್ ಎಲೆಗಳ ಮೇಲೆ ಬೇಯಿಸಬೇಕು. ಇವೆಲ್ಲದರ ಮೇಲೆ ಉಪ್ಪು ಹಾಕಿದ ಶಾರ್ಕ್ ಮೀನನ್ನು ಕಡ್ಡಿಗೆ ಚುಚ್ಚಿ ಸುಡಬೇಕು. ಅತ್ತೆಯ ತವರಿನ ಕಡೆ ಶಾರ್ಕ್ ಇಲ್ಲದ ಎಡೆ ಎಡೆಯೇ ಅಲ್ಲ. ಆ ವಾಸನೆ ಪರದೆಗಳಿಂದ ಹೋಗುವ ಹೊತ್ತಿಗೆ ವರ್ಷದ ಮುಂದಿನ ಎಡೆ ಬಂದಿರುತ್ತಿತ್ತು. ಮಾವ ಹೋದ ಮೇಲೆ ಅವರದ್ದೂ ಒಂದು ಸೇರಿಕೊಂಡಿತು. ಯುನ್‌ಸಿಲ್‌ಗೆ ಮಾವನ ಮೇಲೆ ಪ್ರೀತಿಯೇ ಇತ್ತು. ಆದರೆ ಸಾಕಾಗಿತ್ತು. ಮೈಯೂ ಸೋತಿತ್ತು, ಮನಸ್ಸೂ ಸೋತಿತ್ತು.

ಅವಳು ಕೆಲಸ ಮಾಡುವ ಕನ್ನಡಕದ ಫ್ರೇಮಿನ ಕಾರ್ಖಾನೆಯಲ್ಲಿ ಪಕ್ಕದ ಮೇಜಿನವಳು ಈ ದಾರಿ ತೋರಿಸಿದ್ದಳು. "ನಮ್ಮನೇಲಿ ಈಗ ಹಬ್ಬಕ್ಕೆ ರೆಸಾರ್ಟಿಗೇ ಹೋಗಿಬಿಡ್ತೀವಿ ಕಣೇ. ಅಡುಗೆಮನೆ ಇರೋ ರೂಮು. ಅರ್ಧ ಅಡುಗೆ ಅಂಗಡಿಯಿಂದ ತಗೊಂಡು ಹೋಗೋದು, ಅಲ್ಲೇ ಎಡೆ ಇಡೋದು, ಮಕ್ಕಳು ಪಾರ್ಕಲ್ಲಿ ಆಡ್ಕೊಂಡಿರ್ತಾರೆ. ಒಂದೆರಡು ವರ್ಷ ಹಾಗೆ ಮಾಡಿದ್ರೆ ಆಮೇಲೆ ತಾನಾಗೇ ಎಲ್ಲಾ ಕಮ್ಮಿ ಆಗುತ್ತೆ." ಕೊನೆಯ ಮಾತನ್ನು ಅವಳು ಗುಟ್ಟಿನಲ್ಲಿ ಹೇಳಿದಳು. ಯುನ್‌ಸಿಲ್ ಬೇರೆ ಎಲ್ಲ ಮಾತನ್ನೂ ಬಿಟ್ಟು ಅದೊಂದನ್ನೇ ಮನೆಗೆ ತಂದಿದ್ದಳು.

ಅತ್ತೆ ದಡ್ಡರಲ್ಲ. ಸೊಸೆಯ ಈ ಲೆಕ್ಕ ಅವರಿಗೆ ಮೊದಲ ದಿನವೇ ತಿಳಿದಿತ್ತು.

"ದಾಯುಲ್ ತಾಯಿ, ಇಲ್ಲಿ ಕೇಳು" ಎಂದರು ಈಗ. "ಗ್ಯಂಗ್‌ಜುಗಾದ್ರೆ ಬತ್ತೀನಿ. ಅಲ್ಲಿ ಕೆರೆ ಪಕ್ಕ ಒಂದು ಪಾರ್ಕೈತಂತೆ. ನಿಮ್ಮಾವ ಸ್ಕೂಲಿಂದ ಒಂದ್ಸಲ ಆ ಊರಿಗೆ ಪ್ರವಾಸ ಹೋಗಿದ್ರು. ಮದ್ವೆ ಆದ್ಮೇಲೆ ನನ್ನ ಕರ್ಕಂಡು ಹೋಗಿದ್ದೂ ಅಲ್ಲಿಗೇಯ. ದಾರಿ ಗೊತ್ತೈತೆ ಅವರಿಗೆ. ಅಲ್ಲಿ ಎಡೆ ಇಡಾನ. ಅವರು ಬಂದು ಉಂಡ್ರೋ, ಮುಂದಕ್ಕೆ ಎಡೆ ಎಲ್ಲಿ ಇಡ್ಬೇಕು, ಎಷ್ಟು ಇಡ್ಬೇಕು, ಎಲ್ಲಾ ನಿನ್ನಿಷ್ಟ. ನಾನು ಬಾಯಿ ಹಾಕಾಕಿಲ್ಲ. ಬರ್ನಿಲ್ವೋ, ನಾನಿರೋಗಂಟ ಈ ಮಾತು ಮತ್ತೆ ಎತ್ತಂಗಿಲ್ಲ. ಒಪ್ಪಿಗೇನಾ?"

"ಬಂದ್ರೋ ಇಲ್ವೋ ಹೇಗೆ ಗೊತ್ತಾಗುತ್ತೆ ಅತ್ತೆ?"

"ನಂಗೊತ್ತಾಯ್ತದೆ."

ತೀರ್ಪು ಕೊಡುವವರೂ ಅವರೇ, ದಾವೆ ಹೂಡಿದವರೂ ಅವರೇ. ಯುನ್‌ಸಿಲ್ ಗಂಡನ ಕಡೆ ನೋಡಿದಳು. ಗಂಡ ಕಿರುಬೆರಳಿನ ಉಗುರನ್ನು ಬಹಳ ಎಚ್ಚರಿಕೆಯಿಂದ ಕತ್ತರಿಸುತ್ತಿದ್ದ. "ಒಪ್ಪಿಗೆ" ಎಂದಳು. ದಾಯುಲ್ ಎದ್ದು ಹೋಗಿ ಬಾಗಿಲು ಹಾಕಿಕೊಂಡಳು.

ಹೀಗೆ ದೇಶವೆಲ್ಲ ಹೋಗುವ ಪಾರ್ಕು ಬಿಟ್ಟು, ಯಾರೂ ಅಷ್ಟಾಗಿ ಹೆಸರು ಹೇಳದ ಪಾರ್ಕು ಗಟ್ಟಿಯಾಯಿತು. ಮುಂದಿನ ಸಂಜೆಗಳೆಲ್ಲ ಅದರ ಲೆಕ್ಕಾಚಾರವೇ. ದೊಡ್ಡ ಪಾರ್ಕಿನ ಸುತ್ತ ಇರುವ ಹೋಟೆಲುಗಳಲ್ಲಿ ಒಲೆಯೇ ಇಲ್ಲ, ಇದ್ದರೂ ಮೀನು ಸುಟ್ಟರೆ ಎಬ್ಬಿಸಿ ಕಳಿಸುತ್ತಾರೆ ಎಂದು ಯುನ್‌ಸಿಲ್ ಮಗಳಿಗೆ ಸಮಾಧಾನ ಹೇಳಿದಳು. "ಅರ್ಧ ದಿನ ಸಾಲಲ್ಲೇ ನಿಂತಿರ್ತೀಯ, ಬಿಸಿಲಲ್ಲಿ ಒಣಗಿ ಹೋಗ್ತೀಯ" ಎಂದೂ ಹೇಳಿದಳು. ಸಾಲಿನಲ್ಲಿ ನಿಂತು ಒಣಗುವುದಕ್ಕೇ ಹೋಗುವುದು, ಫೋಟೋ ತೆಗೆಯುವುದೇ ಅಲ್ಲಿ ಎಂದು ಮಗಳು ಉತ್ತರ ಕೊಟ್ಟಳು.

ಅತ್ತೆಯ ಬೇಡಿಕೆಗಳು ಒಂದೊಂದಾಗಿ ಹೊರಬಂದವು. ಕುರ್ಚಿ ಮಂಚದ ರೂಮು ಬೇಡ, ನೆಲದ ಮೇಲೆ ಹಾಸಿ ಮಲಗುವ ರೂಮು ಬೇಕು, ಇಲ್ಲದಿದ್ದರೆ ಅಡ್ಡಬೀಳುವುದು ಹೇಗೆ. ಎಡೆಯ ಮೇಜು ಬಡಗು ದಿಕ್ಕಿಗೆ ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ರೂಮು ಯಾವುದೆಂದು ಮುಂಚೆಯೇ ಗೊತ್ತಾಗಬೇಕು.

"ಅಮ್ಮ, ರೂಮ್ ನಂಬರು ಅಲ್ಲಿಗೆ ಹೋದ ಮೇಲೇ ಕೊಡೋದು" ಎಂದ ಸಂಗ್‌ಬೇ.

"ಹೋದ್ಮೇಲೆ ಕೊಟ್ರೆ ನಾನು ಅವರಿಗೆ ಯಾವಾಗ ಹೇಳ್ಲಿ?"

ಸಂಗ್‌ಬೇ ಬಾಲ್ಕನಿಗೆ ಹೋಗಿ, ತನ್ನ ಹತ್ತಿರ ಕಾರು ಕಲಿತು ಈಗ ಗ್ಯಂಗ್‌ಜು ಪಾರ್ಕಿನ ಪಕ್ಕದ ರೆಸಾರ್ಟಿನಲ್ಲಿ ಕೆಲಸಕ್ಕಿರುವ ಒಬ್ಬ ಹುಡುಗನಿಗೆ ಫೋನು ಮಾಡಿದ. ಬಹಳ ಹೊತ್ತು ನಗುನಗುತ್ತಾ ಮಾತಾಡಿ ಒಳಗೆ ಬಂದು, "ಬಿ ಕಟ್ಟಡ, ಏಳ್ನೂರ ಹನ್ನೆರಡು. ಖಾತ್ರಿ ಅಂದಿದಾನೆ" ಎಂದ. ಮೂರು ಸಲ ಪರೀಕ್ಷೆಯಲ್ಲಿ ಫೇಲಾಗಿದ್ದವನನ್ನು ಪಾಸು ಮಾಡಿಸಿದ ಹೆಮ್ಮೆ ಅವನ ಮುಖದಲ್ಲಿತ್ತು.

ಹಬ್ಬಕ್ಕೆ ಮುಂಚಿನ ಭಾನುವಾರ ಮಾವನ ಸಮಾಧಿಯ ಮೇಲಿನ ಹುಲ್ಲು ಕತ್ತರಿಸಲು ಎಲ್ಲರೂ ಗುಡ್ಡಕ್ಕೆ ಹೋದರು. ಸಂಗ್‌ಬೇ ಮೋಟಾರಿನ ಕತ್ತಿ ಹಿಡಿದು ಸಮಾಧಿಯ ದಿಬ್ಬದ ಸುತ್ತ ಹುಲ್ಲು ಸವರಿದ. ಅವನು ಮುಗಿಸುವವರೆಗೆ ಕಾದು, ಅತ್ತೆ ದಿಬ್ಬದ ಬಲಗಡೆಗೆ ಹೋಗಿ ಕೂತರು. ಮಾವ ಇಡೀ ಆಯುಷ್ಯ ಅಕ್ಕಿ ಗಿರಣಿ ನಡೆಸಿದವರು. ಗಿರಣಿಯ ಸದ್ದಿಗೆ ಅವರ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಜೋರಾಗಿ ಹೇಳಿದರೆ ಕೇಳಿಸುತ್ತಿತ್ತು. ಅತ್ತೆ ಅಕ್ಕಿ ಹೆಂಡವನ್ನು ಹುಲ್ಲಿನ ಮೇಲೆ ಸುರಿದು, ಬಾಯಿಗೆ ಕೈ ಅಡ್ಡ ಹಿಡಿದು ಗಟ್ಟಿಯಾಗಿ ಹೇಳಿದರು.

"ಈ ಸಲ ಮನೆತಾವ ಬರಬ್ಯಾಡಿ! ಗ್ಯಂಗ್‌ಜುಗೆ ಬನ್ನಿ! ಕೆರೆ ಪಕ್ಕ ಎತ್ತರದ ಕಟ್ಟಡ ಎರಡವೆ. ಎರಡನೇದು. ಏಳನೇ ಅಂತಸ್ತು. ಏಳ್ನೂರ ಹನ್ನೆರಡು. ಲಿಫ್ಟೈತೆ, ಮೆಟ್ಲು ಹತ್ತಬ್ಯಾಡಿ, ಮಂಡಿನೋವು ಜಾಸ್ತಿ ಆದಾತು. ಕೇಳಿಸ್ತಾ?"

ಪಕ್ಕದ ದಿಬ್ಬದಲ್ಲಿ ಹುಲ್ಲು ತೆಗೆಯುತ್ತಿದ್ದ ಕುಟುಂಬದವರು ಕೈ ನಿಲ್ಲಿಸಿ ನೋಡಿದರು. ದಾಯುಲ್ ನಾಚಿಕೆಯಿಂದ ಅಪ್ಪನ ಬೆನ್ನ ಹಿಂದೆ ಸರಿದಳು. ಯುನ್‌ಸಿಲ್‌ಗೆ ನಗು ಬಂತು. ನಗು ತಡೆಯಲು ಅಲ್ಲೇ ಬಗ್ಗಿ ಕತ್ತರಿಸಿದ ಹುಲ್ಲನ್ನು ಬಾಚತೊಡಗಿದಳು. ಮಾವ ಬಂದರು ಎಂದು ಅತ್ತೆಗೆ ಅನ್ನಿಸಿಬಿಡಲಿ, ಅಷ್ಟಾದರೆ ಸಾಕು ಎಂದು ಮನಸ್ಸಿನಲ್ಲೇ ಮಾವನಿಗೆ ತಾನೂ ಒಂದು ಮಾತು ಹಾಕಿದಳು. ಅವಳ ಮಾತು ಯಾವ ಕಿವಿಯ ಕಡೆಯಿಂದ ಹೋಯಿತೋ ಅವಳಿಗೇ ತಿಳಿಯದು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಗ್ಯಂಗ್‌ಜು ತಲುಪಿದರು. ರೆಸಾರ್ಟಿನ ಬಾಗಿಲಲ್ಲಿ ಸೂಟ್‌ಕೇಸುಗಳ ಜಾತ್ರೆಯೇ ನೆರೆದಿತ್ತು. ಬಹಳ ಜನ ಐಸ್ ಪೆಟ್ಟಿಗೆ ಹೊತ್ತಿದ್ದರು, ಕೆಲವರ ಕೈಯಲ್ಲಿ ಮಡಚುವ ಎಡೆಮೇಜೂ ಇತ್ತು. ತಾನೊಬ್ಬಳೇ ಅಲ್ಲ ಎಂದು ಯುನ್‌ಸಿಲ್‌ಗೆ ಸಮಾಧಾನವಾಯಿತು. ಅಷ್ಟರಲ್ಲಿ ಕೌಂಟರಿನಿಂದ ಸಂಗ್‌ಬೇ ವಾಪಸು ಬಂದ. ಅವನು ನಡೆದು ಬಂದ ರೀತಿಯಲ್ಲೇ ಏನೋ ಎಡವಟ್ಟಾಗಿದೆ ಎಂದು ಅವಳಿಗೆ ಗೊತ್ತಾಯಿತು.

"ಆ ಹುಡುಗ ಹಬ್ಬಕ್ಕೆ ಊರಿಗೆ ಹೋಗಿದಾನಂತೆ" ಎಂದ ಮೆಲ್ಲಗೆ. "ಏಳ್ನೂರ ಹನ್ನೆರಡನ್ನ ಬೆಳಗ್ಗೇನೇ ಬೇರೆ ಯಾರಿಗೋ ಕೊಟ್ಟುಬಿಟ್ಟಿದಾರೆ. ನಮಗೆ ಎ ಕಟ್ಟಡ, ನಾನ್ನೂರ ಒಂಬತ್ತು."

"ಬದಲಾಯಿಸೋಕೆ ಹೇಳಿ."

"ಹೇಳ್ದೆ. ಒಂದು ರೂಮೂ ಖಾಲಿ ಇಲ್ವಂತೆ. ಏನಂತ ಹೇಳಲಿ, ನಮ್ಮಪ್ಪನಿಗೆ ಆ ನಂಬರು ಕೊಟ್ಟಿದೀವಿ ಅಂತಲಾ? ಎಲ್ಲಿದಾರೆ ನಿಮ್ಮಪ್ಪ ಅಂತ ಕೇಳಿದ್ರೆ?"

"ಅತ್ತೆಗೆ ಹೇಳ್ಬೇಡಿ."

"ಅಮ್ಮನಿಗೆ ನಂಬರು ಓದೋಕೆ ಬರುತ್ತೆ ಕಣೇ."

ನಾನ್ನೂರ ಒಂಬತ್ತರ ಬಾಗಿಲಲ್ಲಿ ಅತ್ತೆ ನಿಂತರು. ಗೋಡೆಯ ಮೇಲಿನ ಅಂಕಿಯನ್ನು ನೋಡಿದರು, ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು. ಚಪ್ಪಲಿ ಕಳಚಿ ಒಳಗೆ ಹೋಗಿ ಕಿಟಕಿಯ ಬಳಿ ಕೂತರು. ಕಿಟಕಿಯಿಂದ ಬಿ ಕಟ್ಟಡ ಕಾಣುತ್ತಿತ್ತು. ಅವರು ಬೈದಿದ್ದರೆ ಯುನ್‌ಸಿಲ್‌ಗೆ ಎಷ್ಟೋ ಹಗುರವಾಗುತ್ತಿತ್ತು.

ಪಾರ್ಕಿಗೂ ಎಲ್ಲರ ಜೊತೆ ಬಂದರು. ದಾಯುಲ್ ಮೊದಮೊದಲು ಮುಖ ಊದಿಸಿಕೊಂಡೇ ಇದ್ದಳು. "ಸಾಲೇ ಇಲ್ಲದ ಪಾರ್ಕು ಒಂದು ಪಾರ್ಕಾ?" ಎಂದು ಹಂಗಿಸಿದಳು. ಸಾಲಿಲ್ಲದ ಕಾರಣ ರೋಲರ್ ಕೋಸ್ಟರಿನಿಂದ ಇಳಿದವಳು ಹಾಗೇ ಸುತ್ತಿಕೊಂಡು ಹೋಗಿ ಮತ್ತೆ ಹತ್ತಬಹುದು ಎಂಬುದು ಮೂರನೆಯ ಸಲಕ್ಕೆ ಅವಳಿಗೆ ಹೊಳೆಯಿತು. ಆಮೇಲೆ ಅವಳು ಕೈಗೆ ಸಿಗಲಿಲ್ಲ. ಸಂಗ್‌ಬೇ ಜೊತೆಗೆ ಹತ್ತಿ, ಇಳಿಜಾರಿನಲ್ಲೆಲ್ಲ ಬಲಗಾಲು ಒತ್ತೀ ಒತ್ತೀ ಮೀನಖಂಡ ಹಿಡಿದುಕೊಂಡು ಕೆಳಗಿಳಿದ.

ಅತ್ತೆ ಮರದ ಕೆಳಗೆ ಬೆಂಚಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಯುನ್‌ಸಿಲ್ ಐಸ್‌ಕ್ರೀಮು ತಂದು ಕೊಟ್ಟಳು.

"ಅತ್ತೆ, ಕೋಪಾನಾ?"

"ಕೋಪ ಯಾಕೆ."

"ಮಾವನಿಗೆ ಈ ಊರು ಗೊತ್ತಿರೋದೇ ಅಲ್ವಾ. ಪಕ್ಕದ ಕಟ್ಟಡ. ಹುಡುಕ್ತಾರೆ."

"ಪಕ್ಕದ ಬೀದಿ ಮದ್ವೆ ಛತ್ರ ಹುಡುಕ್ದೋರಲ್ಲ ಅವರು" ಎಂದು ಅತ್ತೆ ಐಸ್‌ಕ್ರೀಮನ್ನು ಬಾಯಿಗಿಡದೆ ಹಿಡಿದೇ ಇದ್ದರು. "ಒಂದ್ಸಲ ಹೇಳಿದ್ರೆ ಅಲ್ಲಿಗೇ ಹೋಗಿ ನಿಲ್ಲೋರು. ಯಾರ್ನೂ ಕೇಳೋರಲ್ಲ. ಕೇಳಿದ್ರೂ ಏನು, ಉತ್ತರ ಕಿವಿಗೆ ಬೀಳ್ತಿರ್ಲಿಲ್ಲ."

ಐಸ್‌ಕ್ರೀಮು ಕರಗಿ ಮಣಿಕಟ್ಟಿಗೆ ಇಳಿಯಿತು. ಯುನ್‌ಸಿಲ್ ಒರೆಸಿದಳು. ಪಂದ್ಯ ಸೋತೆ ಅನ್ನಿಸಿತು ಅವಳಿಗೆ. ನಾಳೆ ಎಡೆ ಮುಗಿದ ಮೇಲೆ ಅತ್ತೆ ತಲೆ ಅಲ್ಲಾಡಿಸುತ್ತಾರೆ, ಮುಂದಿನ ಚುಸೊಕ್‌ಗೆ ತಾನು ಮತ್ತೆ ಅದೇ ಒಲೆಯ ಮುಂದೆ, ಅದೇ ಶಾರ್ಕಿನ ಹೊಗೆಯಲ್ಲಿ. ಅಳುವಷ್ಟು ಸಿಟ್ಟು ಬಂತು. ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ, ಊರಿಗೆ ಹೋದ ಆ ರೆಸಾರ್ಟಿನ ಹುಡುಗನನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದುಕೊಂಡಳು.

ಹಬ್ಬದ ಬೆಳಗ್ಗೆ ಅವಳಿಗೆ ಎಚ್ಚರವಾದಾಗ ಅತ್ತೆಯ ಹಾಸಿಗೆ ಮಡಚಿಟ್ಟಿತ್ತು. ಎಡೆಯ ಮೇಜೂ ಸಿದ್ಧವಾಗಿತ್ತು. ಬಡಗು ದಿಕ್ಕು ಫೋನಿನ ಪ್ರಕಾರ ಬಚ್ಚಲಿನ ಬಾಗಿಲಿಗೆ ಬರುತ್ತಿದ್ದುದರಿಂದ, ಟೀವಿಯಿರುವ ಗೋಡೆಯೇ ಬಡಗು ಎಂದು ರಾತ್ರಿಯೇ ತೀರ್ಮಾನವಾಗಿತ್ತು. ಅದರ ಕೆಳಗೆ ಮಾವನ ಫೋಟೋ, ಸೇಬು, ಪಿಯರ್ ಹಣ್ಣು, ಖರ್ಜೂರ, ಅಂಗಡಿಯ ಕಡುಬು, ಮನೆಯಿಂದಲೇ ಸುಟ್ಟು ತಂದ ಶಾರ್ಕಿನ ಕಡ್ಡಿಗಳು. ಅತ್ತೆ ಮಾತ್ರ ಇರಲಿಲ್ಲ. ಬಾಗಿಲ ಬಳಿ ಅವರ ಬಿಳಿಯ ಹಬ್ಬದ ಚಪ್ಪಲಿಯೂ ಇರಲಿಲ್ಲ.

ಯುನ್‌ಸಿಲ್ ಗಂಡನನ್ನು ಎಬ್ಬಿಸಲಿಲ್ಲ. ಎಲ್ಲಿಗೆ ಹೋಗಿದ್ದಾರೆಂದು ಅವಳಿಗೆ ಗೊತ್ತಿತ್ತು. ಕೂದಲು ಗಂಟು ಹಾಕಿಕೊಳ್ಳುತ್ತಲೇ ಹೊರಟು, ಇಬ್ಬನಿ ಬಿದ್ದ ಪಾರ್ಕಿಂಗ್ ಜಾಗ ದಾಟಿ ಬಿ ಕಟ್ಟಡಕ್ಕೆ ಹೋದಳು. ಏಳನೇ ಮಹಡಿಯಲ್ಲಿ ಉದ್ದದ ಓಣಿ. ಅದರ ನಡುವೆ ಒಂದು ಮುಚ್ಚಿದ ಬಾಗಿಲ ಎದುರು ಅತ್ತೆ ಹಬ್ಬದ ಉಡುಪಾದ ತಿಳಿನೀಲಿ ಹನ್‌ಬೊಕ್ ಉಟ್ಟು, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದರು. ಲಂಗ ಸುತ್ತಲೂ ಹರಡಿಕೊಂಡಿತ್ತು.

"ಅತ್ತೆ, ಎಷ್ಟೊತ್ತಾಯ್ತು ಬಂದು?"

"ಬೆಳಕರಿಯಾದ್ರಾಗೆ ಬಂದೆ. ಅವರು ಬೇಗ ಬರಾ ಮನುಷ್ಯ." ಅತ್ತೆ ಬಾಗಿಲನ್ನೇ ನೋಡುತ್ತಿದ್ದರು. "ನಾನು ಬರೋಕೆ ಮುಂಚೇನೇ ಬಂದು ಒಳಗೋಗ್ಬಿಟ್ಟವ್ರೇನೋ. ಬಾಗ್ಲು ಬಡಿಯಾನ ಅಂದ್ರೆ ಯಾರ್ದೋ ಮನೆ. ಮಕ್ಕಳು ಮಲ್ಗಿರ್ತವೆ."

"ನೆಲ ತಣ್ಣಗಿದೆ, ಏಳಿ."

"ದಾಯುಲ್ ತಾಯಿ, ನೀನು ಎಡೆ ನಿಲ್ಲಿಸ್ಬೇಕು ಅಂತಿದೀಯ. ನಂಗೊತ್ತು. ಅದ್ಕೆ ನಾನು ಬೈಯಾಕಿಲ್ಲ. ನಾನೂ ನಿನ್ನ ವಯಸ್ಸಿನಾಗೆ ನಮ್ಮತ್ತೆ ಮೇಲೆ ಹಲ್ಲು ಕಡಿತಾ ಹೊಗೆ ಕುಡ್ದೋಳೇಯ." ಅವರು ಲಂಗದ ನೆರಿಗೆಯನ್ನು ಎಳೆದು ಸರಿಮಾಡಿದರು. "ಆದ್ರೆ ಭಯ ಆಯ್ತದೆ ಕಣೆ. ಇವತ್ತು ಅವರು ಬಾಗ್ಲು ತಪ್ಪಿ ನಿಂತವ್ರೆ ಅಂದ್ರೆ ಕರ್ಕಂಡು ಹೋಗಾಕೆ ನಾನಿವ್ನಿ. ನಾಳೆ ನಾನೂ ಹಿಂಗೇ ಎಲ್ಲೋ ನಿಂತಿರ್ತೀನಲ್ಲ, ಆಗ ಯಾರು ಬತ್ತಾರೆ?"

ನಾನು ಬರ್ತೀನಿ ಅನ್ನುವುದು ಸುಲಭವಾಗಿತ್ತು, ಅಂದರೆ ಸುಳ್ಳಾಗುತ್ತಿತ್ತೋ ನಿಜವಾಗುತ್ತಿತ್ತೋ ಯುನ್‌ಸಿಲ್‌ಗೆ ಗೊತ್ತಿರಲಿಲ್ಲ. ಅತ್ತೆಯ ಕಾಲುಚೀಲದ ಹಿಮ್ಮಡಿ ಸವೆದು ತೆಳ್ಳಗಾಗಿದ್ದು ಕಣ್ಣಿಗೆ ಬಿತ್ತು. ಅವಳು ಹೋಗಿ ಏಳ್ನೂರ ಹನ್ನೆರಡರ ಗಂಟೆ ಒತ್ತಿದಳು.

"ಅಯ್ಯೋ, ಏನ್ ಮಾಡ್ತಿದೀಯೇ!" ಎಂದು ಅತ್ತೆ ಗಾಬರಿಯಿಂದ ಎದ್ದು ನಿಂತರು.

ಬಾಗಿಲು ತೆರೆದವನು ಮೂವತ್ತರ ಹರೆಯದ ಗಂಡಸು. ಚಡ್ಡಿ, ಬನಿಯನ್ನು, ಕೆದರಿದ ಕೂದಲು. ಹಿಂದಿನಿಂದ ಖಾರದ ನೂಡಲ್ಸ್ ಕುದಿಯುವ ವಾಸನೆಯೂ ಮಗುವಿನ ಕೇಕೆಯೂ ಬಂದವು. ಯುನ್‌ಸಿಲ್ ಸೊಂಟ ಬಗ್ಗಿಸಿ ನಮಸ್ಕರಿಸಿದಳು.

"ಕ್ಷಮಿಸಿ, ಹಬ್ಬದ ಬೆಳಗ್ಗೆ ತೊಂದರೆ ಕೊಡ್ತಿದೀವಿ. ಈ ರೂಮು ಮೊದಲು ನಮಗೆ ಅಂತ ಹೇಳಿದ್ರು. ಆಮೇಲೆ ಬದಲಾಯ್ತು. ಆದ್ರೆ ನಾವು ನಮ್ಮ ಮಾವನಿಗೆ ಈ ನಂಬರೇ ಹೇಳಿಬಿಟ್ಟಿದೀವಿ."

"ಇಲ್ಲಿಗೆ ಯಾರೂ ಬಂದಿಲ್ವಲ್ಲ ಮೇಡಂ. ಫೋನ್ ಮಾಡಿ ನೋಡಿ ಅವರಿಗೆ."

"ಫೋನು... ಅವರು ತೀರಿಕೊಂಡು ಮೂರು ವರ್ಷ ಆಯ್ತು" ಎಂದಳು ಯುನ್‌ಸಿಲ್. ಹೇಳಿದ ಕೂಡಲೇ ಕಿವಿಯವರೆಗೆ ಬಿಸಿಯಾಯಿತು.

ಗಂಡಸಿನ ನೋಟ ಇವಳ ಹೆಗಲಾಚೆ ಹೋಗಿ, ಹನ್‌ಬೊಕ್ ಉಟ್ಟು ಕೈಕಟ್ಟಿ ನಿಂತ ಮುದುಕಿಯ ಮೇಲೆ ಬಿತ್ತು. ಒಳಗಿನಿಂದ ಅವನ ಹೆಂಡತಿ, "ಯಾರ್ರೀ ಅದು?" ಎಂದಳು.

"ತಾತನ್ನ ಕರ್ಕೊಂಡು ಹೋಗೋಕೆ ಬಂದಿದಾರೆ" ಎಂದ ಅವನು. "ಆ ನೂಡಲ್ಸ್ ಕೆಳಗಿಳಿಸೇ ಸ್ವಲ್ಪ." ಬಾಗಿಲನ್ನು ಪೂರ್ತಿ ತೆರೆದು, ತಾನಾಗಿ ಮುಚ್ಚಿಕೊಳ್ಳದ ಹಾಗೆ ಬೆನ್ನಿಂದ ತಡೆದು ಪಕ್ಕಕ್ಕೆ ನಿಂತ. ತನ್ನ ಚಡ್ಡಿಯ ನೆನಪಾಗಿ ಮುಜುಗರಪಟ್ಟು ಬನಿಯನ್ನನ್ನು ಕೆಳಗೆ ಜಗ್ಗಿಕೊಂಡ. "ಹೇಳಿ ಅಜ್ಜಿ. ಏನು ಹೇಳ್ಬೇಕೋ ಹೇಳಿ."

ಅತ್ತೆ ಹೊಸ್ತಿಲ ತನಕ ಬಂದರು, ಒಳಗೆ ಕಾಲಿಡಲಿಲ್ಲ. ಒಳಗೆ ಒಬ್ಬ ಎಳೆ ಹೆಂಗಸು ಪಾತ್ರೆ ಹಿಡಿದು ನಿಂತಿದ್ದಳು. ನೆಲದ ಮೇಲೆ ಮಗುವೊಂದು ಚಮಚ ಬಡಿಯುತ್ತಿತ್ತು. ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು, ಬಲಗಿವಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಕೂಗಿದರು.

"ರೂಮು ಬದಲಾಗೈತೆ! ಬನ್ನಿ! ಇವರ ಮನೇಲಿ ಕೂತ್ಕಂಡ್ರೆ ಹೆಂಗೆ? ಇಲ್ಲಿ ಖಾರದ ನೂಡಲ್ಸೇಯ, ನಿಮ್ಮ ಹೊಟ್ಟೆಗೆ ಆಗಾಕಿಲ್ಲ! ಎದುರು ಕಟ್ಟಡದಾಗೆ ಎಡೆ ಇಟ್ಟಿವ್ನಿ, ಶಾರ್ಕೂ ಐತೆ!"

ಚಮಚ ಬಡಿಯುವುದು ನಿಂತಿತು. ಅತ್ತೆ ಒಂದು ಗಳಿಗೆ ಕಾದು, ಮನೆಯವರಿಗೆ ತಲೆಬಾಗಿಸಿ, "ಒಳ್ಳೇದಾಗ್ಲಿ. ಮಗೀಗೆ ನಿದ್ದೆ ಕೆಡಿಸ್ದೆ" ಎಂದು ತಿರುಗಿ ನಡೆದರು. ಗಂಡಸು ಬಾಗಿಲನ್ನು ತಟ್ಟನೆ ಮುಚ್ಚಲಿಲ್ಲ. ಅವರು ಓಣಿಯ ಅರ್ಧ ದಾಟುವ ತನಕ ಹಾಗೇ ತಡೆದು ಹಿಡಿದಿದ್ದ.

ಅತ್ತೆ ನಿಧಾನವಾಗಿ ನಡೆದರು. ಅಷ್ಟು ನಿಧಾನವಾಗಿ ನಡೆಯುವವರಲ್ಲ ಅವರು. ಎರಡು ಮೂರು ಹೆಜ್ಜೆಗೊಮ್ಮೆ ನಿಂತು ಹಿಂದೆ ನೋಡುತ್ತಿದ್ದರು. ಮಾವ ಬಂದರಾ ಇಲ್ಲವಾ ಎಂಬ ಮಾತು ಯುನ್‌ಸಿಲ್‌ಳ ನಾಲಿಗೆಯ ತುದಿಗೆ ಬಂದಿತ್ತು, ಕೇಳಿದ್ದರೆ ಅತ್ತೆ ಹೂಂ ಎಂದೂ ಅನ್ನುತ್ತಿದ್ದರೇನೋ. ಕೇಳಲು ಅವಳಿಗೆ ಮನಸ್ಸಾಗಲಿಲ್ಲ.

ಲಿಫ್ಟು ಮೇಲಿನಿಂದ ತುಂಬಿಕೊಂಡೇ ಬಂತು. ಈಜಲು ಹೊರಟ ಒಂದು ಕುಟುಂಬ, ಟ್ಯೂಬು, ಟವೆಲ್ಲು, ಕಣ್ಣುಜ್ಜುವ ಇಬ್ಬರು ಮಕ್ಕಳು. ಅತ್ತೆ ಒಳಗೆ ಹೋಗಿ ಮೂಲೆಯಲ್ಲಿ ನಿಂತರು. ಯುನ್‌ಸಿಲ್ ಗುಂಡಿಗಳ ಬಳಿ ನಿಂತಳು. ಬಾಗಿಲು ಮುಚ್ಚಲು ಹೊರಟಿತು. ಅವಳ ಕೈ ಹೋಗಿ ತೆರೆಯುವ ಗುಂಡಿಯನ್ನು ಒತ್ತಿ ಹಿಡಿಯಿತು.

ಖಾಲಿ ಓಣಿ ಕಾಣುತ್ತಿತ್ತು. ಮತ್ತೆ ಬಾಗಿಲು ಮುಚ್ಚಲು ನೋಡಿತು, ಅವಳು ಮತ್ತೆ ಒತ್ತಿದಳು.

"ಇನ್ನೂ ಯಾರಾದ್ರೂ ಬರೋರಿದಾರಾ?" ಎಂದ ಟ್ಯೂಬು ಹಿಡಿದಿದ್ದವನು.

"ನಮ್ಮ ಮಾವ" ಎಂದಳು ಯುನ್‌ಸಿಲ್. "ಮಂಡಿನೋವು ಅವರಿಗೆ. ಸ್ವಲ್ಪ ನಿಧಾನ."

"ಓ, ಬರಲಿ ಬರಲಿ" ಎಂದು ಅವನು ಮಕ್ಕಳನ್ನು ತನ್ನ ಕಡೆಗೆ ಎಳೆದುಕೊಂಡ. ಬೆರಳು ನೋಯುವ ತನಕ ಅವಳು ಗುಂಡಿಯನ್ನು ಹಿಡಿದೇ ಇದ್ದಳು. ಆಮೇಲೆ ಹಿಂದೆ ಬಟ್ಟೆಯ ಸರಭರ ಕೇಳಿಸಿತು. ಅತ್ತೆ ಲಂಗವನ್ನು ಒತ್ತಿ ಹಿಡಿದು, ಗೋಡೆಗೆ ಇನ್ನಷ್ಟು ಅಂಟಿ ನಿಂತು, ತಮ್ಮ ಬಲಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಮಾಡಿದರು.

ಯುನ್‌ಸಿಲ್ ಗುಂಡಿಯಿಂದ ಕೈ ತೆಗೆದಳು.